ಒಳಗೆ ಜಾಗ ಇದೆ

ಮಾರ್ಚ್ 14, ಶುಕ್ರವಾರ

ಪ್ರೀತಿಯ ಅಕ್ಕಾ,

ನೀವೆಲ್ಲ ಕ್ಷೇಮ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಅಂಗಡಿಯಲ್ಲಿ ಕನ್ನಡಕಕ್ಕೆ ಗಾಜು ಕೂರಿಸುವಾಗ ಮೂರು ದಿನದಿಂದ ಗಮನವೇ ಇಲ್ಲ. ನಿನ್ನೆ ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಕಳಿಸಿಬಿಟ್ಟೆ. ವಾಪಸ್ ಬಂದು, "ಏನಮ್ಮಾ, ಇದು ಹಾಕ್ಕೊಂಡ್ರೆ ಮೆಟ್ಟಿಲೆಲ್ಲಾ ಓಡಾಡ್ತಾವಲ್ಲ" ಅಂದರು. ನನಗೆ ನಗು ಬರಲಿಲ್ಲ.

ವಿಷಯ ಅದೇ ಗೇಮಿನದು. ಆಡುವವರಿಂದಲೇ ಮೊದಲು ಚಂದಾ ಎತ್ತಿ, ವರ್ಷದೊಳಗೆ ಮಾಡಿಕೊಡುತ್ತೇವೆಂದು ಎಂಟು ವರ್ಷ ಎಳೆದ ವಿಡಿಯೋ ಗೇಮು. ಊರಿಂದೂರಿಗೆ ಓಡುತ್ತಲೇ ಇರುವ ಒಂದು ಬಸ್ಸಿನ ಕಥೆ. ಹೆಚ್ಚು ಚಂದಾ ಕೊಟ್ಟವರು ಒಂದು ಪಾತ್ರಕ್ಕೆ ದನಿ ಕೊಡಬಹುದು ಎಂದಿದ್ದರು. ಬಸ್ಸು ಎಂದಮೇಲೆ, ಮೂವತ್ತು ವರ್ಷ ಕಂಡಕ್ಟರಾಗಿದ್ದ ಅಪ್ಪನ ಗಂಟಲು ಬಿಟ್ಟು ಇನ್ಯಾರದ್ದು? ನನ್ನ ರೂಮಿನ ಕಿಟಕಿಗೆ ಕಂಬಳಿ ಕಟ್ಟಿ, ಮೈಕಿನೆದುರು ಕೂರಿಸಿ ಹೇಳಿಸಿದೆ: "ಹತ್ತಿ ಹತ್ತಿ, ಒಳಗೆ ಜಾಗ ಇದೆ."

ಮರುವರ್ಷ ಅಪ್ಪ ಹೋದ. ನನ್ನ ಕಂಪ್ಯೂಟರೂ ಕೆಟ್ಟು ಹೋಯಿತು. ಉಳಿದದ್ದು ಗೇಮಿನವರಿಗೆ ಕಳಿಸಿದ್ದ ಆ ಒಂದು ಮಾತು. ಕೇಳಿ ತರಿಸಿಕೊಳ್ಳಬಹುದಿತ್ತು. ಇಲ್ಲ, ಬಸ್ಸಿನ ಬಾಗಿಲಲ್ಲಿ ನಿಂತು, ಅಪ್ಪ ಕರೆದಾಗಲೇ ಕೇಳಬೇಕು ಎಂದು ನನಗೆ ಹಟ.

ಕಾಯುವವರದ್ದೇ ಒಂದು ಆನ್‌ಲೈನ್ ಗುಂಪಿದೆಯಲ್ಲ, ಕಾಯುತ್ತಲೇ ಮದುವೆಯಾಗಿ ಎರಡು ಹೆತ್ತ ನರ್ಸ್ ಕೂಡ ಅದರಲ್ಲಿದ್ದಾಳೆ. ಯಾರಾದರೂ "ಮೋಸ" ಎಂದು ಕೂಗಿದರೆ ನಾನು, "ಬೇಯೋ ತನಕ ಇದ್ದವ್ರಿಗೆ ಆರೋ ತನಕ ಇರಕ್ಕಾಗಲ್ವಾ?" ಎಂದು ಬರೆಯುತ್ತಿದ್ದೆ. ನನ್ನ ಅಡ್ಡಹೆಸರೇ "ಸಮಾಧಾನಮ್ಮ".

ಮಂಗಳವಾರ ಗೇಮಿನ ಮೊದಲ ಭಾಗ ಬಂತು. ಮಧ್ಯಾಹ್ನವೇ ಅಂಗಡಿಯ ಶಟರ್ ಎಳೆದು ಕೂತೆ. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಕಂಡಕ್ಟರು ಬಾಯಿ ತೆರೆದ. ಅಕ್ಕಾ, ಅದು ಅಪ್ಪನಲ್ಲ. ವಾರ್ತೆ ಓದುವವರ ಹಾಗೆ ನುಣ್ಣಗಿನ, ಯಾರದ್ದೋ ದನಿ. ನಾನೇ ತಪ್ಪು ಕೇಳಿಸಿಕೊಂಡೆನೇನೋ ಎಂದು ಮೂರು ಸಲ ಇಳಿದು ಹತ್ತಿದೆ. ಮೂರು ಸಲವೂ ಅವನೇ.

ಎಂಟು ವರ್ಷದಲ್ಲಿ ಮೊದಲ ಸಲ ಸಮಾಧಾನಮ್ಮ ಬಾಯಿಗೆ ಬಂದ ಹಾಗೆ ಬೈದು ಬರೆದಳು. ಗೇಮು ಮಾಡಿದವನು ಫೋನನ್ನೇ ಮಾಡಿದ. "ಆ ರೆಕಾರ್ಡಿಂಗಲ್ಲಿ ಗಲಾಟೆ ಜಾಸ್ತಿ ಇತ್ತು ಮೇಡಂ. ತೆಗೆಯೋಕೆ ಎಷ್ಟು ಒದ್ದಾಡಿದ್ರೂ ಆಗ್ಲಿಲ್ಲ. ನಿಮ್ಗೆ ಮೊದ್ಲೇ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ. ಫೈಲ್ ಹಾಗೇ ಇದೆ, ಕಳಿಸ್ತೀನಿ" ಅಂದ. ಕಳಿಸಿದ. ನಿನಗೂ ಕಳಿಸುತ್ತೇನೆ. ಒಬ್ಬಳೇ ಇದ್ದಾಗ ಕೇಳು.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳು ಚೆನ್ನಾಗಿ ಓದಿ, ಚೆನ್ನಾಗಿ ಜಗಳವಾಡಿ, ನೂರು ಕಾಲ ಬಾಳಲಿ ಎಂದು ಚಿಕ್ಕಮ್ಮ ಹರಸಿದ್ದಾಳೆ ಅನ್ನು.

ನಿನ್ನ
ತಂಗಿ

ತಾ.ಕ.: ಅವನು ಗಲಾಟೆ ಅಂದನಲ್ಲ, ಅದು ಬೀದಿಯದ್ದಲ್ಲ. ಅಪ್ಪನ ಕೆಮ್ಮು. ಹನ್ನೊಂದು ಸಲ ಹೇಳಿಸಿದ್ದೇನೆ, ಹನ್ನೊಂದು ಸಲವೂ ಮಾತಿನ ನಡುವೆ ಕೆಮ್ಮು. ಆಮೇಲೆ ನನ್ನ ದನಿ: "ಅಪ್ಪಾ, ಆ ಕೆಮ್ಮೊಂದು ಸ್ವಲ್ಪ ತಡ್ಕೋ. ಇನ್ನೊಂದ್ಸಲ." ಅಪ್ಪ ಪ್ರತಿ ಸಲವೂ, "ಆಯ್ತಮ್ಮ" ಅನ್ನುತ್ತಾನೆ.

ಆಸ್ಪತ್ರೆಯಲ್ಲಿ ಡಾಕ್ಟರು, "ಕೆಮ್ಮು ಯಾವಾಗಿಂದ?" ಎಂದಾಗ ನೀನು ನನ್ನ ಮುಖ ನೋಡಿದೆ. ಅಪ್ಪನ ಜೊತೆಗಿದ್ದವಳು ನಾನಲ್ಲವೇ. "ಹದಿನೈದು ದಿನದಿಂದ" ಅಂದೆ. ಸುಳ್ಳು ಹೇಳಲಿಲ್ಲ ಅಕ್ಕಾ, ಹಾಗೇ ನಂಬಿದ್ದೆ. "ಆರು ತಿಂಗಳು ಮುಂಚೆ ಕರ್ಕೊಂಡು ಬಂದಿದ್ರೆ" ಎಂದು ಅವರು ಮಾತು ನಿಲ್ಲಿಸಿದ್ದು ನಿನಗೆ ನೆನಪಿರಬೇಕು. ಫೈಲಿನ ಮೇಲೆ ತಾರೀಕಿದೆ. ನಾವು ಆಸ್ಪತ್ರೆಗೆ ಹೋಗುವುದಕ್ಕೆ ಏಳು ತಿಂಗಳು ಮೊದಲಿನದು.