ಕುಡಿಯದೆ ಇಟ್ಟ ಕಾಫಿ

ಜೆರಿಕೊ
ಮಾರ್ಚ್ 23

ಪ್ರೀತಿಯ ನುಹಾದಕ್ಕನಿಗೆ,

ನಿನ್ನ ಅಫಾಫಳಿಂದ ನಮಸ್ಕಾರ, ಎರಡೂ ಕೆನ್ನೆಗೆ ಮುತ್ತು. ನಿನ್ನ ಕಾಗದ ಕ್ರಿಸ್‌ಮಸ್ಸಿಗೇ ಕೈ ಸೇರಿತ್ತು. ಉತ್ತರ ಬರೆಯದ್ದಕ್ಕೆ ಚೆನ್ನಾಗಿ ಬೈದುಕೋ, ನಿನ್ನನ್ನು ಬಿಟ್ಟರೆ ನನ್ನನ್ನು ಬೈಯುವವರು ಇನ್ನು ಯಾರಿದ್ದಾರೆ. ಬರೆಯಬೇಕೆಂದು ಕೂತು, ಏನು ಬರೆಯಬೇಕು ಏನು ಬಿಡಬೇಕು ತಿಳಿಯದೆ ಎದ್ದುಹೋಗುತ್ತಿದ್ದೆ. ನಿನ್ನ ಮಂಡಿನೋವು ಹೇಗಿದೆ? ಅಲ್ಲಿ ಸಾಂಟಿಯಾಗೋದಲ್ಲಿ ಹುಟ್ಟಿದ ನಿನ್ನ ಮೊಮ್ಮಕ್ಕಳಿಗೆ ಅರಬಿ ಬರುವುದಿಲ್ಲವೆಂದು ಕೊರಗಿದ್ದೀಯ. ಕೊರಗಬೇಡ. ಇಲ್ಲಿ ನನ್ನ ಗಂಡನೂ ಇಸ್ರೇಲಿನವರೂ, ಎರಡೂ ಕಡೆ ಅರಬಿ ಬಲ್ಲವರಿದ್ದರೂ, ಜಗಳವನ್ನು ಇಂಗ್ಲಿಷಿನಲ್ಲೇ ಆಡುತ್ತಾರೆ.

ಹೌದು, ವಾಸಿಫ್ ಮತ್ತೆ ಮಾತುಕತೆಗೆ ಹೋಗುತ್ತಿದ್ದಾರೆ. ನಮ್ಮ ನಾಯಕರೂ ಇಸ್ರೇಲಿನ ಪ್ರಧಾನಿಯೂ ಮುನಿಸಿಕೊಂಡು ಕೂತಿದ್ದಾರೆ. ಅವರಿಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸುವ ಕೆಲಸ ಈ ಕಡೆಯಿಂದ ನನ್ನ ಗಂಡನ ಪಾಲಿಗೆ ಬಂದಿದೆ, ಆ ಕಡೆಯಿಂದ ಎಫ್ರಾಯಿಮ್ ಶಾಶಾ ಎಂಬವರ ಪಾಲಿಗೆ. ಮದುವೆ ದಲ್ಲಾಳಿಗಳ ಹಾಗೆ ಇಬ್ಬರೂ ಓಡಾಡುತ್ತಾರೆ. ಗಂಡಿಗೂ ಹೆಣ್ಣಿಗೂ ಮದುವೆಯೇ ಬೇಡ.

ನನಗೆ ಬೇಕಾದದ್ದು ಒಂದೇ. ಇದರ ಮಧ್ಯೆ ನಮ್ಮ ಕಿನಾನನ ಬಿಡುಗಡೆಗೆ ವಾಸಿಫ್ ಒಂದು ಮಾತು ಹಾಕಬೇಕು. ಮೆರವಣಿಗೆಯಲ್ಲಿ ಇಸ್ರೇಲಿನವರು ಹಿಡಿದುಕೊಂಡು ಹೋದ ಹುಡುಗ ದಕ್ಷಿಣದ ಮರಳುಗಾಡಿನ ಸೆರೆಮನೆಯಲ್ಲಿದ್ದಾನೆ. ಶಿಕ್ಷೆ ಮುಗಿಯಲು ಇನ್ನೂ ಮೂರು ವರ್ಷವಿದೆ. ನಾನು ಬಾಯಿ ತೆರೆದರೆ ಸಾಕು, ಅದೇ ಉತ್ತರ: "ಅಲ್ಲ ಕಣೇ, ನಾನಲ್ಲಿ ಎಲ್ಲರ ಪರವಾಗಿ ಕೂತಿದೀನಿ. ನನ್ನ ಮಗನ್ನ ಬಿಡಿ ಅಂದ್ರೆ ನಾಳೆಯಿಂದ ನನ್ನ ಮಾತಿಗೆ ಏನು ಬೆಲೆ?"

"ಎಲ್ಲರಲ್ಲಿ ಅವನೂ ಒಬ್ಬ ಅಲ್ವೇನ್ರೀ?" ಎಂದು ಕೇಳಿ ಮಾತು ಬಿಟ್ಟೆ. "ನಮ್ಮನೆಗೂ ಒಬ್ಬ ಮಧ್ಯಸ್ಥಗಾರ ಬೇಕಾಯ್ತು ನೋಡು" ಎಂದರು. ನನಗೆ ನಗು ಬಂತು, ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಈಗ ಕಾಫಿಯ ಕಥೆ ಕೇಳು. ಹೆಣ್ಣು ಕೇಳಲು ಹೋಗಲಿ, ಕೊಲೆಯ ರಾಜಿಗೇ ಹೋಗಲಿ, ನಮ್ಮಲ್ಲಿ ಬಂದವರು ಕೊಟ್ಟ ಕಾಫಿಯನ್ನು ಮುಟ್ಟದೆ ಮುಂದಿಟ್ಟುಕೊಂಡು ಕೂರುತ್ತಾರಲ್ಲ. ಮನೆಯವರು "ಕುಡೀರಿ, ನೀವು ಕೇಳಿದ್ದು ಕೊಟ್ವಿ" ಎನ್ನುವ ತನಕ ತುಟಿಗೆ ತಾಗಿಸುವ ಹಾಗಿಲ್ಲ. ನಿನ್ನನ್ನು ಕೇಳಲು ಬಂದ ದಿನ ನಮ್ಮಪ್ಪ ನಿನ್ನ ಮಾವನ ಕಾಫಿಯನ್ನು ಹೇಗೆ ತಣ್ಣಗಾಗಿಸಿಬಿಟ್ಟರು, ನೆನಪಿದೆಯಾ? ವಾಸಿಫ್ ಜೆರುಸಲೇಮಿನಲ್ಲಿ ಶಾಶಾ ಎದುರಿಗೆ ಅದನ್ನೇ ಮಾಡಿದ್ದಾರೆ. ಕಾಯಿಲೆ ಬಿದ್ದ ಮುದುಕ ಕೈದಿಗಳನ್ನು ಬಿಡಿ ಎಂದು ಕೇಳಿ, ಕಾಫಿ ಮುಟ್ಟದೆ ಕೂತರು. ಇವರಿಗೆ ಸಕ್ಕರೆ ಕಾಯಿಲೆ ಇರಬೇಕೆಂದು ಅಲ್ಲಿಯವರು ಮುಂದಿನ ಸಲ ಸಕ್ಕರೆ ಹಾಕದೆ ತಂದರು. ಆಮೇಲಿನ ಸಲ ಅಲ್ಲಿಯ ಅಧಿಕಾರಿಯೊಬ್ಬ, ಪಾಪ, ಇದರಲ್ಲಿ ವಿಷವಿಲ್ಲವೆಂದು ತೋರಿಸಲು ಇವರ ಲೋಟದಿಂದಲೇ ಒಂದು ಗುಟುಕು ಕುಡಿದನಂತೆ!

ಶಾಶಾ ಮನೆಯಲ್ಲಿ ಇದನ್ನು ತಮಾಷೆಯಾಗಿ ಹೇಳಿದ್ದಾರೆ. ಅವರ ತಾಯಿ ಬಾಗ್ದಾದಿನಲ್ಲಿ ಹುಟ್ಟಿ ಬೆಳೆದ ಹೆಂಗಸು. "ಕತ್ತೆ, ಆ ಮನುಷ್ಯ ನಿನ್ನ ಹತ್ರ ಬೇಡ್ಕೊಂಡಿದಾನೆ, ನೀನು ಲೋಟ ಎತ್ತಿಸಿಬಿಟ್ಯಾ?" ಎಂದು ಮಗನಿಗೆ ಮಂಗಳಾರತಿ ಎತ್ತಿದರಂತೆ. ಮರುದಿನವೇ ಶಾಶಾ ಫೋನ್ ಮಾಡಿ, ಈ ಸಲ ನಾನೇ ನಿಮ್ಮ ಮನೆಗೆ ಬರುತ್ತೇನೆ ಎಂದರು.

ಬಂದೂಬಿಟ್ಟರು. ಮಾಂಸಕ್ಕೆ ಮೊಸರು ಹಾಕಬೇಡ, ಯಹೂದಿಗಳು ಎರಡನ್ನೂ ಸೇರಿಸಿ ತಿನ್ನುವುದಿಲ್ಲ ಎಂದು ವಾಸಿಫ್ ಬೆಳಗಿನಿಂದ ನನ್ನ ತಲೆ ತಿಂದರು. ನಮಗೆ ಈಸ್ಟರಿಗೆ ಮುಂಚಿನ ಉಪವಾಸ, ಮಾಂಸವನ್ನು ನಾನು ಮುಟ್ಟುವುದೇ ಇಲ್ಲ ಎಂದು ಹೇಳಿ ಬೇಳೆಸಾರು, ಬದನೆಕಾಯಿ ಮಾಡಿದೆ. ಸೊಪ್ಪು ಹೆಚ್ಚಲು ಪಕ್ಕದ ಮನೆಯಿಂದ ರಬಾಹನ ತಾಯಿ ಬಂದಿದ್ದಳು. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿವೆ, ರಕ್ತ ಶುದ್ಧಿ ಮಾಡಿಸಲು ರಮಲ್ಲಾಕ್ಕೆ ಹೋಗಿಬರುತ್ತಾಳೆ, ಮುಖವೆಲ್ಲ ಊದಿಕೊಂಡಿದೆ. ರಬಾಹನೂ ನಮ್ಮ ಕಿನಾನನ ಸೆರೆಮನೆಯಲ್ಲೇ ಇದ್ದವನು.

ಕಾಫಿ ಕೊಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತೆ. ಶಾಶಾ ಲೋಟವನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತರು. ಅವರ ತಾಯಿಯ ಬಾಗ್ದಾದಿನ ಅರಬಿಯಲ್ಲೇ ಹೇಳಿದರು: "ಕಿನಾನನ ಅಪ್ಪ, ಬೇಡೋಕೆ ಬಂದಿದೀನಿ. ನಿಮ್ಮ ನಾಯಕರು ಮುಂದಿನ ವಾರ ಬರ್ಬೇಕು. ಯಾವ ಷರತ್ತೂ ಹಾಕ್ಬಾರ್ದು."

ವಾಸಿಫ್ ಮೀಸೆ ತೀಡಿ, "ಕುಡೀರಿ. ಕರ್ಕೊಂಡು ಬರೋ ಜವಾಬ್ದಾರಿ ನಂದು" ಎಂದರು.

ಶಾಶಾ ಕುಡಿದರು. ಆಮೇಲೆ ಗೋಡೆಯ ಮೇಲಿದ್ದ ಕಿನಾನನ ಫೋಟೋ ನೋಡಿ, "ನಿಮ್ಮ ಕಾಫಿ ಆರಿಹೋಗೋಕೆ ಬಿಟ್ಟಿದ್ದಕ್ಕೆ ಅಮ್ಮನ ಹತ್ರ ಬೈಸಿಕೊಂಡೆ. ನೀವು ಕೇಳಿದವರನ್ನೆಲ್ಲ ಬಿಡಿಸೋದು ನನ್ನ ಕೈಲಿಲ್ಲ. ಯಾರಾದ್ರೂ ಒಬ್ಬನ್ನ ಬಿಡಿಸಬಲ್ಲೆ, ಈ ವಾರದಲ್ಲೇ. ಹೆಸರು ಹೇಳಿ" ಎಂದರು.

ಅಕ್ಕಾ, ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆ ಮನುಷ್ಯ ನನ್ನ ಮಗನ ಮುಖವನ್ನೇ ನೋಡುತ್ತಿದ್ದಾನೆ! ಇವರು ಬಾಯಿ ಬಿಟ್ಟು ಹೆಸರು ಹೇಳುವುದೊಂದೇ ಬಾಕಿ.

"ರಬಾಹ್" ಎಂದರು ವಾಸಿಫ್. "ಪಕ್ಕದ ಮನೆ ಹುಡುಗ. ಅವನ ತಾಯಿ ಇನ್ನು ಹೆಚ್ಚು ದಿನ ಉಳಿಯಲ್ಲ. ನನ್ನ ಹೆಂಡ್ತಿ ಗಟ್ಟಿಗಿತ್ತಿ, ಕಾಯ್ತಾಳೆ."

ನನ್ನ ಬೆನ್ನ ಹಿಂದೆ ರಬಾಹನ ತಾಯಿ ಬಿಕ್ಕಿದಳು. "ಬೇಡ ಅಫಾಫ್, ಒಳಗೆ ಹೋಗಿ ಹೇಳು. ನಿನ್ನ ಮಗ ಬರೋ ಬಾಗ್ಲಲ್ಲಿ ನನ್ನ ಮಗ ಬಂದ್ರೆ ನಾನು ನಿನಗೆ ಹೇಗೆ ಮುಖ ತೋರಿಸ್ಲಿ?" ಎಂದು ನನ್ನ ಸೆರಗಿನಂತೆ ಇಳಿಬಿದ್ದ ಶಾಲನ್ನು ಹಿಡಿದೆಳೆದಳು. "ಸುಮ್ನೆ ಸೊಪ್ಪು ಹೆಚ್ಚೇ ತಾಯಿ, ಊಟದ ಹೊತ್ತಾಯ್ತು" ಎಂದೆ.

ಅತಿಥಿ ಹೋದ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ಹೆತ್ತ ಮಗನನ್ನು ಬಿಟ್ಟು ದೊಡ್ಡಸ್ತಿಕೆ ಮೆರೆಯಲು ಹೋದಿರಲ್ಲ ಎಂದೆ. ಎಲ್ಲವನ್ನೂ ಕೇಳಿಸಿಕೊಂಡು ಮೆತ್ತಗೆ, "ನಾಳೆ ಕಿನಾನ್ ಬಂದು, ರಬಾಹನ ತಾಯಿ ಸಾಯೋವಾಗ ರಬಾಹ್ ಎಲ್ಲಿದ್ದ ಅಪ್ಪಾ ಅಂತ ಕೇಳಿದ್ರೆ ನಾನೇನು ಹೇಳ್ತಿದ್ದೆ?" ಎಂದರು. ಹೊರಗೆ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದರು. ಅವರ ಭುಜ ಅಲುಗುತ್ತಿದ್ದದ್ದು ಕಿಟಕಿಯಿಂದ ಕಾಣಿಸಿತು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಮೇಲೆ ಅಷ್ಟು ಸಿಟ್ಟೂ ಬಂದಿರಲಿಲ್ಲ, ಅಷ್ಟು ಪ್ರೀತಿಯೂ ಬಂದಿರಲಿಲ್ಲ.

ರಬಾಹ್ ಮನೆಗೆ ಬಂದ. ತೆಳ್ಳಗಾಗಿದ್ದಾನೆ. ನಾನೇ ಸಿಹಿ ಮಾಡಿಕೊಂಡು ಹೋದೆ. ಕಿನಾನ್ ಚೆನ್ನಾಗಿದ್ದಾನೆ, ಹೀಬ್ರೂ ಕಲಿಯುತ್ತಿದ್ದಾನೆ, ಎಲ್ಲರಿಗೂ ಅನ್ನ ಬೇಯಿಸಿ ಹಾಕುತ್ತಾನೆ ಎಂದ. ಮನೆಯಲ್ಲಿ ತಿಂದ ತಟ್ಟೆ ಎತ್ತದವನು! ಕೇಳಿ ನಕ್ಕೆ, ಮನೆಗೆ ಬಂದು ಅತ್ತೆ. ಆ ಇಬ್ಬರು ದೊಡ್ಡವರೂ ಭೇಟಿಯಾದರು. ಕೈ ಕುಲುಕಿದರು, ಅರ್ಧ ಗಂಟೆ ಕೂತರು, ಮತ್ತೆ ಸೇರೋಣ ಎಂದು ಎದ್ದರು. ವಾಸಿಫ್ ಇದನ್ನೇ ದೊಡ್ಡ ಗೆಲುವು ಎನ್ನುತ್ತಾರೆ. ಇರಬಹುದು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಗೂ ಮೊಮ್ಮಕ್ಕಳಿಗೂ ದೇವಮಾತೆ ಆಯುಷ್ಯ, ಆರೋಗ್ಯ ಕೊಡಲಿ, ನಿನ್ನ ಮಂಡಿಗೆ ಬಲ ಕೊಡಲಿ.

ನಿನ್ನ ತಂಗಿ,
ಅಫಾಫ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮನಿಗೆ ಬಂದದ್ದೇ ನನಗೂ ಬಂದಿದೆ ಅಕ್ಕಾ, ಎಡ ಎದೆಯಲ್ಲಿ ಅದೇ ಗಡ್ಡೆ. ಬೆತ್ಲೆಹೇಮಿನ ಡಾಕ್ಟರು ಜನವರಿಯಲ್ಲೇ ಹೇಳಿದರು, ತಡವಾಗಿದೆ, ಒಂದು ವರ್ಷ ಸಿಕ್ಕರೆ ಹೆಚ್ಚು ಎಂದು. ವಾಸಿಫ್‌ಗೆ ಹೇಳಲಿಲ್ಲ. ಸಾಯುವವಳ ಒತ್ತಾಯಕ್ಕೆ ಬೇಡ, ಮಗನ ಮೇಲಿನ ಆಸೆಗೆ ಅವರು ಕೇಳಲಿ ಎಂದು ಹಠ ಹಿಡಿದಿದ್ದೆ. ಕಾಯಿಲೆಯನ್ನು ಎಷ್ಟು ದಿನ ಮುಚ್ಚಿಡಲಾದೀತು, ಬೇಸಿಗೆ ಬಂದ ಮೇಲೆ ಆಗಷ್ಟೇ ಗೊತ್ತಾದಂತೆ ಹೇಳುತ್ತೇನೆ. ಈಸ್ಟರಿಗೆ ಅವರು ನಿನಗೆ ಫೋನ್ ಮಾಡುತ್ತಾರೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಈಗಲೇ ಕೈಮುಗಿದು ಕೇಳಿಕೊಳ್ಳುತ್ತೇನೆ. ಅವರು ರಬಾಹನ ಹೆಸರು ಹೇಳಿದ ದಿನವೇ ನನಗೆ ಇದು ಗೊತ್ತಿತ್ತು ಎಂಬುದು, ನಾನು ಹೋದ ಮೇಲೂ, ಅವರಿಗೆ ತಿಳಿಯಬಾರದು.