ಚಪ್ಪಲಿ ಕಾಯುವ ಬೀಗರು

ಇಸ್ತ್ರಿ ಅಂಗಡಿಯಿಂದ,
ಸೋಮವಾರ ಮಧ್ಯಾಹ್ನ

ನನ್ನ ಪುಟ್ಟಿಗೆ ಅಮ್ಮನ ಆಶೀರ್ವಾದ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಮದುವೆ ಮುಗಿಸಿ ನೀನು ಹೊರಗೆ ಬರುತ್ತೀಯ, ಮೆಟ್ಟಿಲ ಹತ್ತಿರ ರಾಶಿ ರಾಶಿ ಚಪ್ಪಲಿ, ನಿನ್ನದು ಮಾತ್ರ ಇಲ್ಲ. ಬರಿಗಾಲಲ್ಲೇ ಕಾದ ರಸ್ತೆಗಿಳಿಯುತ್ತೀಯ. ಇದು ಸುಮ್ಮನೆ ಬಿದ್ದ ಕನಸಲ್ಲ. ನಿನಗೆ ಹೇಳದೆ ನಿನ್ನೆ, ನೀನು ಮೆಚ್ಚಿದ ಆ ಹುಡುಗನ ಮನೆಯವರು ಹೋಗುವ ಗುರುದ್ವಾರಕ್ಕೆ ಹೋಗಿದ್ದೆ. ಮದುವೆಗೆ ಹೂಂ ಅನ್ನುವ ಮೊದಲು ಕಣ್ಣಾರೆ ನೋಡಬೇಕಿತ್ತು.

ಬಾಗಿಲಲ್ಲೇ ಚಪ್ಪಲಿ ಇಸಿದುಕೊಳ್ಳುವ ಕಟ್ಟೆ. ಬಾರು ಕಿತ್ತು ಪಿನ್ನು ಚುಚ್ಚಿದ್ದ ನನ್ನ ಚಪ್ಪಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಧೂಳು ಒರೆಸಿದವರು ಯಾರು ಗೊತ್ತಾ? ನೀನು ಕಳಿಸಿದ ಫೋಟೋದಲ್ಲಿರುವ ಅವನ ಅಪ್ಪ. ಅದೇ ನೀಲಿ ಪೇಟ, ಅದೇ ಬಿಳಿ ಗಡ್ಡ. ಲಾರಿ ಸಾಮಾನಿನ ಅಂಗಡಿ ಯಜಮಾನರು ಅಂದಿದ್ದೆಯಲ್ಲೇ. ಎಷ್ಟು ವರ್ಷದಿಂದ ಇಲ್ಲಿ ಕೆಲಸ ಅಂತ ಕೇಳಿದೆ. ಚಿಕ್ಕಂದಿನಿಂದ ಬರ್ತಿದ್ದೀನಿ ತಾಯಿ ಅಂದರು. ಸಂಬಳ ಕೊಡ್ತಾರಾ ಅಂದೆ. ಹೊಟ್ಟೆ ತುಂಬಾ ಊಟ ಹಾಕ್ತಾರಲ್ಲ ಅಂತ ನಕ್ಕರು. ನನಗೆ ನಗು ಬರಲಿಲ್ಲ. ನಾನು ಯಾರೆಂದು ಹೇಳಲೂ ಇಲ್ಲ.

ಒಳಗೆ ಊಟದ ಸಾಲಿನಲ್ಲಿ, ಜಾರಿದ ನನ್ನ ಸೆರಗನ್ನು ತಲೆಯ ಮೇಲೆ ಸರಿಮಾಡಿದ ಅಜ್ಜಿಯೊಬ್ಬರು ಆ ಜಾಗದ ಕಥೆ ಹೇಳಿದರು. ಹಿಂದೆ ಅವರ ಗುರು ಇಲ್ಲಿ ತಂಗಿದ್ದರಂತೆ. ರಾಜನೇ ನೋಡಲು ಬಂದರೂ, ಮೊದಲು ಎಲ್ಲರ ಜೊತೆ ನೆಲದ ಮೇಲೆ ಕೂತು ಉಣ್ಣು, ಆಮೇಲೆ ಮಾತು ಅಂದರಂತೆ. ಯಾರು ಎಲ್ಲಿಂದ ಬಂದರೂ ಬರಲಿ ಅಂತ ನಾಲ್ಕು ದಿಕ್ಕಿಗೂ ಬಾಗಿಲು. ಹಾಗಾದರೆ ಕಳ್ಳ ಯಾವ ಕಡೆ ಓಡಿದ ಅಂತ ಹೇಗೆ ತಿಳೀಬೇಕು ಅಂದೆ. ಉಂಡೇ ಹೋಗ್ತಾನೆ ಬಿಡಮ್ಮ ಅಂದರು. ಚಪ್ಪಲಿ ಒರೆಸೋರಿಗೆ ಸಂಬಳ ಗಿಂಬಳ ಇಲ್ಲ, ಬಂದವರ ಕಾಲ ಧೂಳು ಮುಟ್ಟಿದರೆ ಜಂಬ ಇಳಿಯುತ್ತೆ ಅಂತ ದೊಡ್ಡ ದೊಡ್ಡೋರೇ ಸರದಿ ಕಾದು ಮಾಡ್ತಾರೆ ಅಂತಲೂ ಅಂದರು.

ನಾನು ಓದು ಅರ್ಧಕ್ಕೇ ಬಿಟ್ಟವಳು, ಆದರೆ ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ್ದೇನೆ. ಪುಕ್ಕಟೆ ಯಾರೂ ಇನ್ನೊಬ್ಬರ ಕೊಳೆ ಮುಟ್ಟುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಮಗಳೇ. ಆ ಲಾರಿ ಸಾಮಾನಿನ ಅಂಗಡಿಯ ಮಾತು ಸುಳ್ಳೇ ಇರಬೇಕು. ಸದ್ಯಕ್ಕೆ ಒಪ್ಪಬೇಡ.

ನಿನ್ನದೇ ಚಿಂತೆಯಲ್ಲಿರುವ
ಅಮ್ಮ

ತಾ.ಕ.: ಇದನ್ನು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿದೆ. ಪಿನ್ನು ಇಲ್ಲ. ಬಾರನ್ನು ಕಪ್ಪು ದಾರದಲ್ಲಿ ಗಟ್ಟಿಯಾಗಿ ಹೊಲಿದಿದ್ದಾರೆ. ನಿನ್ನೆ ಅವಸರದಲ್ಲಿ ನೋಡಿರಲಿಲ್ಲ. ನಾನು ಯಾರೆಂದು ಗೊತ್ತಿದ್ದು ಹೊಲಿದಿದ್ದರೆ ಅದು ಬೀಗರ ಉಪಚಾರ, ನಂಬಲಾರೆ. ಗೊತ್ತಿಲ್ಲದೆ ಹೊಲಿದಿದ್ದರೆ ಮದುವೆಗೆ ದಿನ ನೋಡೋಣ. ನನ್ನ ಫೋಟೋ ಅವರಿಗೆ ತೋರಿಸಿಲ್ಲ ತಾನೇ? ಆ ಹುಡುಗನನ್ನು ಇನ್ನೊಂದು ಸಲ ಕೇಳಿ ನೋಡು.