ಡೊಂಕು ಅಚ್ಚಿನ ರೈಲು

ರೀ,

ಎದ್ದ ತಕ್ಷಣ ಇಕ್ಕಳ ಹಿಡಿಯಬೇಡಿ. ಆಟದ ಎಂಜಿನ್ನಿನ ಮುಂದಿನ ಚಕ್ರದ ಅಚ್ಚನ್ನು ಇವತ್ತು ನೆಟ್ಟಗೆ ಮಾಡುತ್ತೇನೆ ಎಂದಿದ್ದಿರಲ್ಲ, ಅದನ್ನು ಮುಟ್ಟಲೇಬೇಡಿ. ಬಿಸಿನೀರು ಫ್ಲಾಸ್ಕಿನಲ್ಲಿದೆ, ಮಾತ್ರೆ ಅದರ ಪಕ್ಕದಲ್ಲೇ ಇದೆ.

ಬೆಳಿಗ್ಗೆ ಕಸ ಗುಡಿಸುವಾಗ ಸುಮ್ಮನೆ ಕೀಲಿ ಕೊಟ್ಟು ಅದನ್ನು ನೆಲದ ಮೇಲೆ ಬಿಟ್ಟೆ. ಮೇಜಿನ ಕೆಳಗೆ ನುಗ್ಗಿ, ನಿಮ್ಮ ಕುರ್ಚಿಯನ್ನು ಸುತ್ತಿ, ನನ್ನ ಕಾಲ ಹತ್ತಿರವೇ ಬಂದು ನಿಂತಿತು. ಮತ್ತೆ ಬಿಟ್ಟೆ, ಮತ್ತೆ ಬಂತು! ನಾವು ವಾರವಿಡೀ ಅದನ್ನು ಹಳಿಯ ಮೇಲಿಟ್ಟು, ಉರುಳಿದಾಗಲೆಲ್ಲ ಮಾಡಿದವರನ್ನು ಬೈದೆವು. "ಕೆಲಸ ಬಾರದವನ ಕೈ ಕಣೇ ಇದು" ಅಂದಿರಿ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು ನಮ್ಮ ಕಥೆ. ಅದು ಹಳಿಯ ರೈಲೇ ಅಲ್ಲ. ಕನ್ನಡಕ ಹಾಕಿಕೊಂಡು ನೋಡಿ, ಅಚ್ಚನ್ನು ಬೇಕೆಂದೇ ಓರೆಯಾಗಿ ಬೆಸೆದು, ಬೆಸುಗೆಯನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದಾರೆ. ಬಿದ್ದು ಸೊಟ್ಟಗಾದದ್ದಕ್ಕೆ ಯಾರು ಇಷ್ಟು ಅಕ್ಕರೆ ತೋರಿಸುತ್ತಾರೆ?

ಎದ್ದು ಹೋಗಿ ತರಲಾಗದ ಯಾವುದೋ ಮಗುವಿಗಾಗಿ ಮಾಡಿದ್ದಿರಬಹುದೇ? ನನಗಂತೂ ತಡೆಯಲಾಗುತ್ತಿಲ್ಲ. ನಮಗೆ ಅದನ್ನು ಮಾರಿದ ಗುಜರಿ ಅಂಗಡಿಯವಳನ್ನೇ ಕೇಳಿಕೊಂಡು ಬರುತ್ತೇನೆ.

ಹಳೇ ಬಣ್ಣ ಬೇಕಾದರೆ ಕೆರೆಯಿರಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಮಂಚದ ಅಂಚಿನಲ್ಲಿ ಕೂತು, ಬಗ್ಗಿ ಒಮ್ಮೆ ಬಿಟ್ಟು ನೋಡಿ. ನಿಮ್ಮ ಮಂಡಿಗೇನೂ ಕೆಲಸವಿಲ್ಲ. ಅದೇ ಬರುತ್ತದೆ.